ಪಹಣಿಯ ಆಯುಷ್ಯ, ಯಂತ್ರದ ಆಯುಷ್ಯ

ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಬೆಂಗಳೂರು–ಮೈಸೂರು ರೈಲುಹಾದಿಯಲ್ಲಿ ತನ್ನದೊಂದು ಚಿಕ್ಕ ನಿಲ್ದಾಣವನ್ನು ಹೊಂದಿರುವ ಹನಕೆರೆಯಂಥ ಊರಿನ ರೈತನಿಗೆ ಹೊಲವೆಷ್ಟು ನಿಜವೋ ಆ ಹೊಲದ ಪಹಣಿಯೂ ಅಷ್ಟೇ ನಿಜ. ವಿಶ್ವೇಶ್ವರಯ್ಯ ನಾಲೆಯಿಂದಾಗಿ ಕಬ್ಬು ಭತ್ತಗಳ ಸೀಮೆಯಾದ ಈ ಪ್ರದೇಶದಲ್ಲಿ ಒಂದೊಂದು ತುಂಡು ಗದ್ದೆಗೂ ಅದರ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಕಂದಾಯ, ಖಾತೆದಾರನ ಹೆಸರು, ಅದು ಆತನಿಗೆ ಬಂದ ಬಗೆ, ಮೇಲಿರುವ ಸಾಲ, ಬೆಳೆದ ಬೆಳೆ ಇಷ್ಟನ್ನೂ ಹೇಳುವ ಒಂದು ಹಾಳೆಯುಂಟು. ಸಹಕಾರ ಸಂಘದಲ್ಲಿ ಬೆಳೆಸಾಲ ಬೇಕಾದರೂ, ಅಣ್ಣತಮ್ಮಂದಿರು ಪಾಲಾಗಬೇಕಾದರೂ, ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯಾಗಬೇಕಾದರೂ, ಹೆದ್ದಾರಿಗೆ ಜಮೀನು ಹೋಗಿ ಪರಿಹಾರ ಬರಬೇಕಾದರೂ ಮೊದಲು ಕೇಳುವುದು ಆ ಹಾಳೆಯನ್ನೇ. ಅದನ್ನು ಪಡೆಯಲೆಂದು ನಾಡಕಚೇರಿಯ ಕಿಟಕಿಯ ಮುಂದೆ ನಿಂತವನಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ದೊರೆತಾಗ, ಆ ಸರ್ವರ್ ಏನು, ಅದಕ್ಕೂ ಮುಪ್ಪು ಮರಣಗಳುಂಟೆ ಎಂದು ವಿಚಾರಿಸುವ ವ್ಯವಧಾನ ಇರುವುದಿಲ್ಲ. ಆದರೆ ಮುಪ್ಪು ಅದಕ್ಕೂ ಉಂಟು. ಮತ್ತು ಅದು ಬರುವ ರೀತಿ ಮನುಷ್ಯರ ಮುಪ್ಪಿಗಿಂತ ಬಹಳ ವಿಚಿತ್ರವಾದದ್ದು.

ಈ ಕಥೆಯನ್ನು ಮದ್ದೂರಿನಿಂದಲೇ ಆರಂಭಿಸುವುದಕ್ಕೆ ಸಕಾರಣವಿದೆ. ಶಿವಪುರದ ಧ್ವಜ ಸತ್ಯಾಗ್ರಹದಿಂದ 1938ರಲ್ಲಿ ನಾಡಿಗೆಲ್ಲ ಪರಿಚಿತವಾದ ಈ ತಾಲ್ಲೂಕಿಗೆ ಗಣಕಯುಗದ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟೆಂಬುದನ್ನು ಇಲ್ಲಿಯವರೇ ಅಷ್ಟಾಗಿ ನೆನೆಯುವುದಿಲ್ಲ: ಕರ್ನಾಟಕದ ‘ಭೂಮಿ’ ಯೋಜನೆಯ ಮೊದಲ ಪ್ರಯೋಗ ನಡೆದದ್ದು 1999ರಲ್ಲಿ, ಮದ್ದೂರಿನಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯಾದ ಎಸ್. ಎಂ. ಕೃಷ್ಣ ಅವರು ಇದೇ ತಾಲ್ಲೂಕಿನ ಸೋಮನಹಳ್ಳಿಯವರು. ಯೋಜನೆಯ ಹೊಣೆಯನ್ನು ಹೊತ್ತು ನಡೆಸಿದ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶವನ್ನು ರಚಿಸಿಕೊಟ್ಟದ್ದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ. ಅಲ್ಲಿಯವರೆಗೆ ಪಹಣಿಯ ಪುಸ್ತಕಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ, ಅನೇಕ ವೇಳೆ ಅವರ ಮನೆಯ ಪೆಟ್ಟಿಗೆಯಲ್ಲಿ ಇದ್ದವು. ಯಾರಿಗೆ ಯಾವಾಗ ನಕಲು ಕೊಡಬೇಕು, ಯಾವ ಖಾತೆ ಬದಲಾವಣೆಯನ್ನು ಎಷ್ಟು ಕಾಲ ತಡೆಹಿಡಿಯಬೇಕು ಎಂಬುದೆಲ್ಲ ಅವರವರ ಚಿತ್ತವನ್ನು ಅವಲಂಬಿಸಿತ್ತು. ಎರಡು ಮೂರು ವರ್ಷಗಳೊಳಗೆ ಸುಮಾರು 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 170ಕ್ಕೂ ಹೆಚ್ಚು ತಾಲ್ಲೂಕು ಕೇಂದ್ರಗಳಲ್ಲಿ ಹದಿನೈದು ರೂಪಾಯಿಗೆ ಒಂದು ಪ್ರತಿಯಂತೆ ಕೊಡತೊಡಗಿದ್ದು, ಕೈಬರಹದ ಪಹಣಿಗೆ ಇನ್ನು ಮುಂದೆ ಮಾನ್ಯತೆಯಿಲ್ಲವೆಂದು ಸಾರಿದ್ದು ಸಾಮಾನ್ಯವಾದ ಸಾಹಸವಲ್ಲ. ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕೆಂಬ ಕಟ್ಟಳೆಯನ್ನು ತಂತ್ರಾಂಶದಲ್ಲಿಯೇ ಹುದುಗಿಸಿದ್ದರು; ಬೆರಳಚ್ಚು ಒತ್ತದೆ ಯಾವ ನೌಕರನೂ ಒಳಹೊಗುವಂತಿರಲಿಲ್ಲ; ಕಿಟಕಿಯಾಚೆಗಿನ ರೈತನಿಗೂ ಕಾಣುವಂತೆ ಇನ್ನೊಂದು ಪರದೆಯನ್ನು ಅವನ ಕಡೆಗೆ ತಿರುಗಿಸಿ ಇಟ್ಟಿದ್ದರು.

ಅಂದು ಪ್ರತಿಯೊಂದು ತಾಲ್ಲೂಕು ಕಚೇರಿಗೂ ಅದರದೇ ಆದ ಸರ್ವರ್ ಇತ್ತು. ಆ ಕಾಲದ ಸರ್ಕಾರಿ ತಂತ್ರಾಂಶಗಳಲ್ಲಿ ಬಹುಪಾಲು, ‘ಭೂಮಿ’ಯೂ ಸೇರಿದಂತೆ, ಮೂರು ಪದರಗಳಲ್ಲಿ ರೂಪುಗೊಂಡವು: ನೌಕರನ ಕಣ್ಣಿಗೆ ಬೀಳುವ ಪರದೆಗಳು ವಿಶುವಲ್ ಬೇಸಿಕ್‌ನಲ್ಲಿ ಬರೆದವು, ಹೆಸರು, ಸಂಖ್ಯೆ, ವಿಸ್ತೀರ್ಣಗಳನ್ನು ಕೋಷ್ಟಕಗಳಾಗಿ ಕಾಪಾಡುವ ಡೇಟಾಬೇಸ್ ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯುಎಲ್ ಸರ್ವರ್, ಇವೆರಡಕ್ಕೂ ಆಧಾರವಾದದ್ದು ವಿಂಡೋಸ್ ಎನ್‌ಟಿ, ವಿಂಡೋಸ್ 2000 ಕುಲದ ಆಪರೇಟಿಂಗ್ ಸಿಸ್ಟಂ. ಈ ಮೂರನೆಯದರ ಸ್ವರೂಪವನ್ನು ಸ್ವಲ್ಪ ಸಾವಧಾನವಾಗಿ ತಿಳಿಯಬೇಕು. ತಂತ್ರಾಂಶವೆಂಬುದು ಗಣಕದಲ್ಲಿ ಗೇಣಿದಾರನಂತೆ. ಡಿಸ್ಕು, ನೆನಪಿನ ಕೋಶ, ಮುದ್ರಣಯಂತ್ರ, ಜಾಲದ ತಂತಿ ಇವುಗಳಲ್ಲಿ ಯಾವುದೂ ಅದರ ಸ್ವಂತದ್ದಲ್ಲ. ಎಲ್ಲವೂ ಆಪರೇಟಿಂಗ್ ಸಿಸ್ಟಂ ಎಂಬ ಒಡೆಯನವು. ಒಂದು ಸಾಲು ಅಕ್ಷರ ಬರೆಯಬೇಕಾದರೂ ಅವನನ್ನು ಕೇಳಿಯೇ ಬರೆಯಬೇಕು. ಒಡೆಯನು ಒಂದು ದಿನ ‘ಇನ್ನು ಈ ಜಮೀನಿನ ಬೇಲಿಯನ್ನು ನಾನು ನೋಡಿಕೊಳ್ಳುವುದಿಲ್ಲ’ ಎಂದು ಸಾರಿ ಊರು ಬಿಟ್ಟನೆಂದು ಭಾವಿಸಿರಿ. ಗೇಣಿದಾರನು ಮರುದಿನವೂ ಉಳುತ್ತಾನೆ, ಬೆಳೆಯೂ ಬರುತ್ತದೆ. ಬೇಲಿ ಎಲ್ಲಿ ಮುರಿದಿದೆಯೆಂಬುದು ತಿಳಿಯುವುದು ದನ ನುಗ್ಗಿದ ಮೇಲೆ.

ಆಪರೇಟಿಂಗ್ ಸಿಸ್ಟಂ ಒಂದಕ್ಕೆ ‘ಬೆಂಬಲ ಮುಗಿಯಿತು’ ಎಂದರೆ ಇಷ್ಟೇ ಅರ್ಥ. ಅದು ಆ ದಿನ ನಿಂತುಹೋಗುವುದಿಲ್ಲ. ಅದರಲ್ಲಿ ಮುಂದೆ ಕಂಡುಬರುವ ದೋಷಗಳಿಗೆ ತಯಾರಕರು ತೇಪೆ ಹಾಕಿಕೊಡುವುದಿಲ್ಲ. ವಿಂಡೋಸ್ ಎನ್‌ಟಿ 4 ಹುಟ್ಟಿದ್ದು 1996ರಲ್ಲಿ. ಅದರ ಸರ್ವರ್ ಆವೃತ್ತಿಗೆ ಬೆಂಬಲ ಮುಗಿದದ್ದು 2004ರ ಡಿಸೆಂಬರ್ 31ಕ್ಕೆ. ವಿಂಡೋಸ್ 2000 ನಿಂತದ್ದು 2010ರ ಜುಲೈನಲ್ಲಿ, ಎಕ್ಸ್‌ಪಿ 2014ರ ಏಪ್ರಿಲ್ 8ರಂದು, ಸರ್ವರ್ 2003 ಎಂಬುದು 2015ರ ಜುಲೈನಲ್ಲಿ. ಡೇಟಾಬೇಸ್‌ಗೂ ಇಂಥದೇ ಜಾತಕವುಂಟು: ಎಸ್‌ಕ್ಯುಎಲ್ ಸರ್ವರ್ 7ರ ಅವಧಿ 2011ರ ಜನವರಿಗೂ 2000ದ ಆವೃತ್ತಿಯದು 2013ರ ಏಪ್ರಿಲ್‌ಗೂ ತೀರಿತು. ಮನೆಮನೆಗಳಲ್ಲಿ ಬಳಸುವ ವಿಂಡೋಸ್ 10 ಕೂಡ 2025ರ ಅಕ್ಟೋಬರ್ 14ಕ್ಕೆ ಈ ಪಟ್ಟಿಗೆ ಸೇರಿತು. ಇನ್ನು ಪಹಣಿಯ ಆಯುಷ್ಯವನ್ನು ನೋಡಿ. ಅಜ್ಜನ ಕಾಲದ ಕ್ರಯದ ವಿಚಾರವಾಗಿ ಮೊಮ್ಮಗ ವ್ಯಾಜ್ಯ ಹೂಡುವ ನಾಡಿನಲ್ಲಿ ಭೂದಾಖಲೆಯ ಆಯುಷ್ಯವನ್ನು ತಲೆಮಾರುಗಳಲ್ಲಿ ಎಣಿಸಬೇಕು. ಅದನ್ನು ಹೊತ್ತ ಯಂತ್ರದ್ದನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಎಣಿಸಬೇಕು. ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಗಣಕದ ಪಹಣಿ ತಲುಪಿದ ಎರಡು ಮೂರು ವರ್ಷಗಳಿಗೇ ಎನ್‌ಟಿಯ ಕಾಲ ಮುಗಿದಿತ್ತೆಂಬುದನ್ನು ನೆನೆದರೆ, ಈ ಎರಡು ಕಾಲಮಾನಗಳ ವೈಷಮ್ಯ ಎಷ್ಟೆಂಬುದು ಮನದಟ್ಟಾದೀತು.

ಹಾಗಾದರೆ ಹೊಸದಕ್ಕೆ ಬದಲಾಯಿಸಬಾರದೇಕೆ ಎಂದು ಓದುಗರು ಕೇಳುವುದು ಸಹಜ. ದುಡ್ಡು ಒಂದು ಕಾರಣ. ಆದರೆ ಅದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ನಿಜವಾದ ಅಡಚಣೆಗಳು ಸೂಕ್ಷ್ಮವಾದವು. ಬೆರಳಚ್ಚು ಓದುವ ಉಪಕರಣವೊಂದು ಹಳೆಯ ವಿಂಡೋಸ್‌ಗೆ ಮಾತ್ರ ಡ್ರೈವರ್ ಹೊಂದಿದ್ದು, ಅದನ್ನು ಮಾಡಿದ ಕಂಪೆನಿಯೇ ಇಂದು ಇಲ್ಲದಿರಬಹುದು. ತಂತ್ರಾಂಶದ ಮೂಲ ಲಿಪಿ ಕಳೆದುಹೋಗಿ ಓಡುವ ಪ್ರತಿ ಮಾತ್ರ ಉಳಿದಿರಬಹುದು. ಎಸ್‌ಕ್ಯುಎಲ್ ಸರ್ವರ್ 7ರ ಡೇಟಾಬೇಸನ್ನು 2012ರ ಆವೃತ್ತಿ ನೇರವಾಗಿ ತೆರೆಯಲೊಲ್ಲದು. ಮೊದಲು 2005ರ ಆವೃತ್ತಿಗೆ ಏರಿಸಿ ಅಲ್ಲಿಂದ ಮುಂದಕ್ಕೆ ಒಯ್ಯಬೇಕು. ಹಾಗೆ ಒಯ್ದ ಮೇಲೆ ಎರಡು ಕೋಷ್ಟಕಗಳನ್ನು ಜೋಡಿಸಲು ಹಳಬರು ಬಳಸುತ್ತಿದ್ದ ನಕ್ಷತ್ರ–ಸಮಚಿಹ್ನೆಯ ಸಂಜ್ಞೆಯನ್ನು ಹೊಸದು ತಿರಸ್ಕರಿಸುತ್ತದೆ, ನೂರಾರು ವರದಿಗಳು ಒಮ್ಮೆಲೇ ಕೆಡುತ್ತವೆ. ವಿನೋದವೆಂದರೆ, 1998ರಲ್ಲಿ ಹೊರಬಂದ ವಿಶುವಲ್ ಬೇಸಿಕ್ 6ರ ರಚನಾ ಸಾಧನಕ್ಕೆ ಬೆಂಬಲ 2008ರಲ್ಲಿಯೇ ನಿಂತಿದ್ದರೂ, ಅದರಲ್ಲಿ ಬರೆದ ತಂತ್ರಾಂಶಗಳು ಇಂದಿನ ವಿಂಡೋಸ್‌ನಲ್ಲಿ ಇನ್ನೂ ಓಡುತ್ತವೆ. ಎಲ್ಲರೂ ಮೊದಲು ಸಾಯುವುದೆಂದು ಎಣಿಸಿದ್ದು ಬದುಕಿಕೊಂಡಿದೆ.

ಇವೆಲ್ಲವುಗಳಿಗಿಂತ ಕಠಿನವಾದದ್ದು, ಮತ್ತು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು, ಅಕ್ಷರದ ಸಮಸ್ಯೆ. ಮದ್ದೂರಿನ ಪ್ರಯೋಗ ನಡೆದಾಗ ವಿಂಡೋಸ್‌ಗೆ ಸ್ವತಃ ಕನ್ನಡ ಬರುತ್ತಿರಲಿಲ್ಲ. ‘ತುಂಗಾ’ ಎಂಬ ಅಕ್ಷರವಿನ್ಯಾಸದೊಡನೆ ಅದಕ್ಕೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೆ ಮೊದಲು ಕನ್ನಡವನ್ನು ತೋರಿಸಬೇಕಾದರೆ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಾಗಿತ್ತು. ಅವುಗಳಲ್ಲಿ ಹಲವು ಅಕ್ಷರವನ್ನು ಕಾಪಾಡುತ್ತಿರಲಿಲ್ಲ, ಅಕ್ಷರದ ಆಕೃತಿಯ ತುಂಡುಗಳನ್ನು ಕಾಪಾಡುತ್ತಿದ್ದವು: ಇಂಗ್ಲಿಷಿನ ಒಂದು ಅಕ್ಷರಕ್ಕೆ ಮೀಸಲಾದ ಸಂಖ್ಯೆಯಲ್ಲಿ ಕನ್ನಡದ ಒಂದು ತಲೆಕಟ್ಟು, ಇನ್ನೊಂದರಲ್ಲಿ ಒಂದು ಒತ್ತು. ಆ ಫಾಂಟ್ ಇರುವವರೆಗೆ ಪರದೆಯ ಮೇಲೆ ಮುದ್ದಾದ ಕನ್ನಡ. ಫಾಂಟ್ ತೆಗೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಒಬ್ಬರ ಫಾಂಟಿನ ಸಂಖ್ಯೆ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಇಂಥ ದತ್ತಾಂಶವನ್ನು ಇಂದಿನ ಯೂನಿಕೋಡ್‌ಗೆ ಪರಿವರ್ತಿಸುವಾಗ ಒಂದು ಒತ್ತಿನ ನಿಯಮ ತಪ್ಪಿದರೆ ‘ಸಿದ್ದೇಗೌಡ’ರು ‘ಸಿದ್ಧೇಗೌಡ’ರಾಗುತ್ತಾರೆ. ಕಾವ್ಯದಲ್ಲಿ ಇದು ಕ್ಷಮ್ಯವಾದೀತು. ಪಹಣಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಹೆಸರು ಎಂದಾದರೆ ಸಾಲದ ಅರ್ಜಿ ಹಿಂತಿರುಗುತ್ತದೆ, ಆ ಮನುಷ್ಯನು ತಾನೇ ತಾನೆಂಬುದಕ್ಕೆ ಪ್ರಮಾಣಪತ್ರ ಮಾಡಿಸಲು ವಕೀಲರ ಮೇಜನ್ನು ಹುಡುಕಬೇಕಾಗುತ್ತದೆ.

ಸಂಖ್ಯೆಗಳಾದರೂ ಸುರಕ್ಷಿತವೆಂದು ತಿಳಿಯುವಂತಿಲ್ಲ. ನಮ್ಮ ವಿಸ್ತೀರ್ಣದ ಲೆಕ್ಕ ಎಕರೆ ಗುಂಟೆಗಳಲ್ಲಿ. ನಲವತ್ತು ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ 2.20 ಎಂದು ಬರೆದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಎಂದರೆ ಎರಡೂವರೆ ಎಕರೆ. ಈ ಸಂಪ್ರದಾಯವನ್ನು ಅರಿಯದ ಯಾರೋ ಒಬ್ಬ ಬುದ್ಧಿವಂತ ತರುಣನು ಹಳೆಯ ಕೋಷ್ಟಕವನ್ನು ಹೊಸ ಡೇಟಾಬೇಸ್‌ಗೆ ಸಾಗಿಸುವಾಗ ಆ ಬಿಂದುವನ್ನು ದಶಾಂಶವೆಂದು ತಿಳಿದನೆನ್ನಿ. ಆಗ ಅದು ಎರಡು ಎಕರೆ ಎಂಟು ಗುಂಟೆಯಾಗಿ, ಹನ್ನೆರಡು ಗುಂಟೆ ಗದ್ದೆ ಯಾವ ಕ್ರಯಪತ್ರವೂ ಇಲ್ಲದೆ ಮಾಯವಾಗುತ್ತದೆ. ಯಂತ್ರವೇನೂ ತಪ್ಪು ಮಾಡಲಿಲ್ಲ, ದತ್ತಾಂಶದ ಒಂದು ಅಂಕಿಯೂ ಬದಲಾಗಲಿಲ್ಲ. ಅಂಕಿಯ ಅರ್ಥ ಮಾತ್ರ ಹಳೆಯ ತಂತ್ರಾಂಶದ ಯಾವುದೋ ಒಂದು ಸಾಲಿನಲ್ಲಿ ಅಡಗಿದ್ದು, ಅಲ್ಲಿಯೇ ಉಳಿದುಹೋಯಿತು. ಹಳೆಯ ವ್ಯವಸ್ಥೆಯನ್ನು ಕೈಬಿಡಲು ಅನುಭವಸ್ಥರು ಹಿಂದೆಗೆಯುವುದನ್ನು ಆಲಸ್ಯವೆಂದು ಕರೆಯುವವರು ಈ ಹನ್ನೆರಡು ಗುಂಟೆಯನ್ನು ಗಮನದಲ್ಲಿಡಬೇಕು. ಖಾತೆದಾರನ ಹೆಸರಿನ ಮುಂದೆ ಬರುವ ಬಿನ್, ಕೋಂ ಎಂಬ ಸಂಬಂಧಸೂಚಕಗಳು, ಅ ಖರಾಬು ಬ ಖರಾಬುಗಳ ಭೇದ, ಪೋಡಿಯಾಗದೆ ಉಳಿದ ಜಂಟಿ ಖಾತೆಗಳು ಇವುಗಳಿಗೆಲ್ಲ ಹಳೆಯ ತಂತ್ರಾಂಶದಲ್ಲಿ ಒಂದೊಂದು ಉಪಾಯವಿರುತ್ತದೆ; ಅದನ್ನು ಯಾವ ಕಡತದಲ್ಲಿಯೂ ಬರೆದಿರುವುದಿಲ್ಲ.

ಆದರೆ ಉಳಿಸಿಕೊಳ್ಳುವುದರಲ್ಲಿರುವ ಅಪಾಯವೇನು ಕಡಿಮೆಯದಲ್ಲ. 2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಕೀಟವು ಎಸ್‌ಕ್ಯುಎಲ್ ಸರ್ವರ್ 2000ದ ಒಂದು ದೋಷವನ್ನು ಹಿಡಿದು ಜಗತ್ತನ್ನು ಸುತ್ತಿತು. ಅದರ ಗಾತ್ರ ಕೇವಲ 376 ಬೈಟ್, ಎಂದರೆ ಈ ಪುಟದ ನಾಲ್ಕಾರು ಸಾಲಿಗಿಂತ ಹೆಚ್ಚಿಲ್ಲ. ಹತ್ತು ನಿಮಿಷಗಳಲ್ಲಿ ಅದಕ್ಕೆ ತುತ್ತಾಗಬಹುದಾದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ತುತ್ತಾಗಿದ್ದವು. ಅಮೆರಿಕದಲ್ಲಿ ಬ್ಯಾಂಕಿನ ಎಟಿಎಂಗಳು ನಿಂತವು, ದಕ್ಷಿಣ ಕೊರಿಯಾದಲ್ಲಿ ಅಂತರ್ಜಾಲವೇ ಕುಸಿಯಿತು. ಗಮನಿಸಬೇಕಾದ ಸಂಗತಿಯೆಂದರೆ, ಅದಕ್ಕೆ ತೇಪೆ ಆರು ತಿಂಗಳ ಹಿಂದೆಯೇ ಸಿದ್ಧವಾಗಿತ್ತು. ಬೆಂಬಲವಿದ್ದೂ ಹಾಕಿಕೊಳ್ಳದವರು ಕೆಟ್ಟರು. ಬೆಂಬಲವೇ ಇಲ್ಲದ ಯಂತ್ರಕ್ಕೂ ಅವರ ಯಂತ್ರಕ್ಕೂ ಆ ದಿನ ವ್ಯತ್ಯಾಸವಿರಲಿಲ್ಲ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಇನ್ನೊಂದು ಕೀಟ ಹರಡಿದಾಗ ಬ್ರಿಟನ್ನಿನ ಆಸ್ಪತ್ರೆಗಳು ಚಿಕಿತ್ಸೆಯನ್ನು ಮುಂದೂಡಬೇಕಾಯಿತು, ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳೂ ಸಿಕ್ಕಿಬಿದ್ದವು; ಮೂರು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆ ಅಪವಾದವೆಂಬಂತೆ ತೇಪೆ ಹೊರಡಿಸಿತು. ನಮ್ಮ ಎಟಿಎಂಗಳಲ್ಲಿ ಎಕ್ಸ್‌ಪಿ ಇನ್ನೂ ಓಡುತ್ತಿದ್ದುದರಿಂದಲೇ ರಿಸರ್ವ್ ಬ್ಯಾಂಕು 2018ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಒಂದು ವರ್ಷದ ಗಡುವು ಕೊಟ್ಟು, ಹಂತಹಂತವಾಗಿ ಅದನ್ನು ತೆಗೆಯಿರೆಂದು ಆಜ್ಞಾಪಿಸಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, ತಕ್ಷಣ ಬಿಡಲಾರದ ಹಳೆಯ ವ್ಯವಸ್ಥೆಯೊಡನೆ ಬಾಳುವ ಕ್ರಮ ಯಾವುದೆಂಬುದನ್ನು ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ಮೊದಲನೆಯದು ಏಕಾಂತವಾಸ. ಅಂಥ ಸರ್ವರಿಗೆ ಅಂತರ್ಜಾಲದ ದಾರಿ ಇರಕೂಡದು. ಅದರಲ್ಲಿ ಕುಳಿತು ಯಾರೂ ಮಿಂಚಂಚೆ ನೋಡಕೂಡದು, ಪೆನ್‌ಡ್ರೈವ್ ಚುಚ್ಚಕೂಡದು. ಅದರೊಡನೆ ಮಾತಾಡಬೇಕಾದ ಎರಡು ಮೂರು ಗಣಕಗಳ ಹೊರತು ಉಳಿದವಕ್ಕೆ ಜಾಲದಲ್ಲಿಯೇ ತಡೆಯಿರಬೇಕು. ಎರಡನೆಯದು ಪರಕಾಯಪ್ರವೇಶವೆಂದೇ ಹೇಳಬಹುದಾದ ಒಂದು ವಿದ್ಯೆ, ವರ್ಚುವಲೈಸೇಷನ್. ಹೊಸ ಗಣಕದೊಳಗೆ ಒಂದು ತಂತ್ರಾಂಶವು ಹಳೆಯ ಗಣಕದ ವೇಷವನ್ನು ಧರಿಸುತ್ತದೆ. ಹಳೆಯ ಡಿಸ್ಕಿನಲ್ಲಿದ್ದುದೆಲ್ಲ ಒಂದು ಕಡತವಾಗಿ ಅದರೊಳಗೆ ಸೇರುತ್ತದೆ. ತಾನು ಇಪ್ಪತ್ತು ವರ್ಷದ ಹಿಂದಿನ ಯಂತ್ರದ ಮೇಲೆಯೇ ಇದ್ದೇನೆಂದು ಎನ್‌ಟಿ ನಂಬಿ ಎಂದಿನಂತೆ ಕೆಲಸ ಮಾಡುತ್ತದೆ. ಇದರಿಂದ ಡಿಸ್ಕು ಸವೆದು, ಬಿಡಿಭಾಗ ಎಲ್ಲಿಯೂ ಸಿಗದೆ, ಗುಜರಿ ಅಂಗಡಿಗಳನ್ನು ಹುಡುಕುವ ದುರವಸ್ಥೆ ತಪ್ಪುತ್ತದೆ. ಆದರೆ ಒಂದು ಎಚ್ಚರಿಕೆ: ಯಂತ್ರ ಹೊಸದಾದ ಮಾತ್ರಕ್ಕೆ ಆಪರೇಟಿಂಗ್ ಸಿಸ್ಟಂನ ದೋಷಗಳು ನೀಗುವುದಿಲ್ಲ, ಏಕಾಂತವಾಸದ ನಿಯಮ ಒಳಗಿರುವ ಯಂತ್ರಕ್ಕೂ ಅನ್ವಯಿಸುತ್ತದೆ.

ಮೂರನೆಯದು ಬ್ಯಾಕಪ್, ಈ ವಿಚಾರದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ. ಸಹಕಾರ ಸಂಘವಾಗಲಿ, ಅಕ್ಕಿಗಿರಣಿಯಾಗಲಿ, ಶಾಲೆಯಾಗಲಿ, ಹಳೆಯ ತಂತ್ರಾಂಶದಲ್ಲಿ ಲೆಕ್ಕವಿಡುವ ಯಾವ ಕಚೇರಿಯಲ್ಲಿ ವಿಚಾರಿಸಿದರೂ ‘ಬ್ಯಾಕಪ್ ಇದೆ ಸಾರ್’ ಎಂಬ ಉತ್ತರ ಬರುತ್ತದೆ. ಅದನ್ನು ಎಂದಾದರೂ ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ್ದೀರಾ ಎಂದು ಕೇಳಿದರೆ ಮೌನ. ತೆರೆದು ನೋಡದ ಬ್ಯಾಕಪ್ಪನ್ನು ಇದೆಯೆಂದು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಹಳೆಯ ಡೇಟಾಬೇಸಿನ ಬ್ಯಾಕಪ್ಪನ್ನು ಓದಬಲ್ಲದ್ದು ಅದೇ ವಂಶದ ಡೇಟಾಬೇಸ್. ಅದನ್ನು ಸ್ಥಾಪಿಸುವ ಸಿ.ಡಿ. ಎಲ್ಲಿದೆ, ಅದರ ಗುಪ್ತಪದವನ್ನು ಬಲ್ಲ ಗುಮಾಸ್ತೆಯ ನಿವೃತ್ತಿ ಯಾವ ತಿಂಗಳು, ಇವು ಬೆಂಬಲದ ದಿನಾಂಕಗಳಷ್ಟೇ ಮುಖ್ಯವಾದ ವಿಷಯಗಳು. ಆದಕಾರಣ ವರ್ಷಕ್ಕೊಮ್ಮೆಯಾದರೂ ಕೋಷ್ಟಕಗಳನ್ನೆಲ್ಲ ಯಾವ ಯಂತ್ರವಾದರೂ ಓದಬಲ್ಲ ಸರಳ ಪಠ್ಯರೂಪದಲ್ಲಿ, ಯೂನಿಕೋಡ್ ಕನ್ನಡದಲ್ಲಿ, ಒಂದೊಂದು ಅಂಕಣದ ಅರ್ಥವನ್ನು ವಿವರಿಸುವ ಟಿಪ್ಪಣಿಯೊಡನೆ ಹೊರತೆಗೆದು ಇಡುವುದು ಒಳ್ಳೆಯದು. 2.20 ಎಂದರೆ ಏನೆಂದು ಆ ಟಿಪ್ಪಣಿಯಲ್ಲಿ ಬರೆದಿದ್ದರೆ ಸಾಕು, ಎಷ್ಟೋ ಗುಂಟೆಗಳು ಉಳಿಯುತ್ತವೆ.

ಹಳೆಯದು ಎಂದ ಮಾತ್ರಕ್ಕೆ ಅದು ಹೀನವೆಂದು ತಿಳಿಯಬಾರದೆಂಬುದಕ್ಕೆ ನಮ್ಮ ರೈಲ್ವೆಯೇ ದೃಷ್ಟಾಂತ. ಟಿಕೆಟ್ ಕಾಯ್ದಿರಿಸುವ ಗಣಕ ವ್ಯವಸ್ಥೆ ದೆಹಲಿಯಲ್ಲಿ ಆರಂಭವಾದದ್ದು 1980ರ ದಶಕದ ಮಧ್ಯದಲ್ಲಿ, ಡಿಜಿಟಲ್ ಎಂಬ ಅಮೆರಿಕನ್ ಸಂಸ್ಥೆಯ ವ್ಯಾಕ್ಸ್ ಗಣಕಗಳಲ್ಲಿ, ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂನ ಮೇಲೆ. 1999ರ ಹೊತ್ತಿಗೆ ಐದು ಕೇಂದ್ರಗಳು ‘ಕಾನ್ಸರ್ಟ್’ ಎಂಬ ತಂತ್ರಾಂಶದಿಂದ ಒಂದಾದವು. ಡಿಜಿಟಲ್ ಸಂಸ್ಥೆಯನ್ನು 1998ರಲ್ಲಿ ಕಾಂಪ್ಯಾಕ್ ನುಂಗಿತು, ಕಾಂಪ್ಯಾಕನ್ನು 2002ರಲ್ಲಿ ಎಚ್‌ಪಿ ನುಂಗಿತು. ವ್ಯಾಕ್ಸ್ ಹೋಗಿ ಆಲ್ಫಾ ಬಂದಿತು, ಆಲ್ಫಾ ಹೋಗಿ ಇಟಾನಿಯಂ ಬಂದಿತು. ಎಚ್‌ಪಿ ಕೈಚೆಲ್ಲುವ ಸೂಚನೆ ತೋರಿದಾಗ 2014ರಲ್ಲಿ ಇನ್ನೊಂದು ಸಂಸ್ಥೆ ವಿಎಂಎಸ್‌ನ ಪೋಷಣೆಯನ್ನು ವಹಿಸಿಕೊಂಡಿತು. ಇಷ್ಟು ಪಲ್ಲಟಗಳ ನಡುವೆಯೂ ಮಂಡ್ಯದ ಕೌಂಟರಿನಲ್ಲಿ ನಿಂತವನಿಗೆ ಬರ್ತ್ ದೊರೆಯುತ್ತಲೇ ಬಂದದ್ದು ಹೇಗೆ? ಒಂದೊಂದು ಒಡೆತನ ಕೈಬದಲಾದಾಗಲೂ ಮುಂದಿನ ಯಂತ್ರ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳುವ ಜನ ಆ ವ್ಯವಸ್ಥೆಯೊಳಗೆ ಖಾಯಂ ನೌಕರರಾಗಿ ಇದ್ದರು. ಗುತ್ತಿಗೆ ಮುಗಿಸಿ ಹೊರಟುಹೋಗುವ ಕಂಪೆನಿಗೆ ಈ ಕಾಳಜಿ ಇರುವುದು ದುರ್ಲಭ.

ಪಹಣಿಯ ವಿಷಯದಲ್ಲಿ ಹೀಗೆ ಮುಂದಕ್ಕೆ ಸಾಗಿಸುವ ಕೆಲಸ ತಕ್ಕಮಟ್ಟಿಗೆ ನಡೆದಿದೆ. ತಾಲ್ಲೂಕಿಗೊಂದರಂತೆ ಚೆದರಿದ್ದ ದಾಖಲೆಗಳು ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸೇರಿದವು; ನೋಂದಣಿ ಇಲಾಖೆಯ ‘ಕಾವೇರಿ’ಯೊಡನೆ ಸಂಪರ್ಕ ಬೆಳೆಯಿತು; 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆಯಾದ ದಶಪಥ ಹೆದ್ದಾರಿಗೆ ಜಮೀನು ಬಿಟ್ಟುಕೊಟ್ಟವರು ತಮ್ಮ ಪಹಣಿಯನ್ನು ಮನೆಯಿಂದಲೇ ಮೊಬೈಲಿನಲ್ಲಿ ತೆರೆದು ನೋಡಬಲ್ಲವರಾದರು. ಈಚೆಗೆ ‘ಭೂಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ದಾಖಲೆ ಕೊಠಡಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಡುವ ಕಾರ್ಯವೂ ಆರಂಭವಾಗಿದೆ. ಸ್ತುತ್ಯವಾದ ಕಾರ್ಯ. ಆದರೆ ಸ್ಕ್ಯಾನ್ ಆದೊಡನೆ ಕಾಗದವನ್ನು ಕಸವೆಂದು ಬಗೆಯುವ ಉತ್ಸಾಹ ಯಾರಿಗೂ ಬಾರದಿರಲಿ. ಗೆದ್ದಲನ್ನೂ ತೇವವನ್ನೂ ತಡೆದರೆ ಶಾನುಭೋಗರು ಮಸಿಯಲ್ಲಿ ಬರೆದ ಪುಸ್ತಕವನ್ನು ಕನ್ನಡ ಓದಬಲ್ಲ ಯಾರಾದರೂ ಇನ್ನೂ ನೂರು ವರ್ಷ ಓದಬಹುದು. ಅದರ ಸ್ಕ್ಯಾನ್ ಪ್ರತಿಯನ್ನು ತೆರೆಯಬಲ್ಲ ತಂತ್ರಾಂಶ ಯಾವುದು, ಅದು ಯಾವ ಆಪರೇಟಿಂಗ್ ಸಿಸ್ಟಂನ ಮೇಲೆ ನಿಂತಿದೆ, ಅದರ ಅವಧಿ ಯಾವ ವರ್ಷಕ್ಕೆ ತೀರುತ್ತದೆ ಎಂಬ ಮೂರು ಅಂಶಗಳನ್ನು ಆ ಕೊಠಡಿಯ ಬಾಗಿಲ ಪಕ್ಕದ ಸೂಚನಾ ಫಲಕದಲ್ಲಿಯೇ ಬರೆದು ಹಾಕುವುದು ಕಷ್ಟದ ಕೆಲಸವೇನಲ್ಲ.